ಒಂದೇ ಸಲ ನೋಡುವುದು

ಲೋಕಲ್ ರೈಲು ಕುರ್ಲಾ ಬಿಟ್ಟು ಸಾಯನ್ ಕಡೆಗೆ ಹೊರಳುವಷ್ಟರಲ್ಲಿ ಸುಮಿತ್ರಾಳ ಅಂಗೈ ಬೆವೆತು, ಮೇಲೆ ಹಿಡಿದಿದ್ದ ಹಿಡಿಕೆ ಜಾರತೊಡಗಿತು. ಬಂತು, ಎಂದುಕೊಂಡಳು. ಹದಿನೈದು ದಿನ ಬಂದಿರಲಿಲ್ಲ. ಬಾರದೆ ಇದ್ದುದಕ್ಕೇ ಒಳಗೊಳಗೆ ಹೆದರಿಕೊಂಡಿದ್ದಳು. ಹೆಂಗಸರ ಡಬ್ಬಿಯಲ್ಲಿ ಒಬ್ಬಳು ಮಡಿಲಲ್ಲಿ ಮೆಂತ್ಯದ ಸೊಪ್ಪು ಹರವಿಕೊಂಡು ಬಿಡಿಸುತ್ತಿದ್ದಳು, ಇನ್ನೊಬ್ಬಳು ಕಿಟಕಿಗೆ ತಲೆಕೊಟ್ಟು ನಿದ್ದೆ ಹೋಗಿದ್ದಳು. ನೋಡುವವರಿಗೆ ಸುಮಿತ್ರಾ ಕೆಲಸ ಮುಗಿಸಿ ಮನೆಗೆ ಹೊರಟ ಮೂವತ್ತೈದರ ಹೆಂಗಸು, ಅಷ್ಟೆ.

ಅನುಮಾನ ಎಂದಿನ ವೇಷದಲ್ಲೇ ಬಂದಿತ್ತು. ಎರಡನೆಯ ನಳಿಕೆಯನ್ನು ಸರಿಯಾಗಿ ನೋಡಿದೆಯಾ?

ಘಾಟ್ಕೋಪರ್‌ನ ಒಂದು ಟ್ರಸ್ಟ್ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಅವಳಿಗೆ ಒಂಬತ್ತು ವರ್ಷದ ಸರ್ವಿಸು. ರೋಗಿಯ ರಕ್ತಕ್ಕೂ ಕೊಡಲಿರುವ ಬಾಟಲಿಯ ರಕ್ತಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ಪರೀಕ್ಷಿಸಿ, ಆಗುತ್ತದೆ ಎಂದು ಸಹಿ ಹಾಕುವುದು ಅವಳ ಕೆಲಸ. ಹೊಂದದ ರಕ್ತ ಮೈಯೊಳಗೆ ಹೋದರೆ ಅರ್ಧ ಬಾಟಲಿ ಮುಗಿಯುವುದರೊಳಗೆ ಮನುಷ್ಯ ಮುಗಿಯಬಹುದು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ಅಳತೆಯನ್ನು ಮೂರು ಸಲ ನೋಡುವ ಹುಡುಗಿ ಎಂದು ಮೇಷ್ಟರು ಹೊಗಳಿದ್ದರು. ಅದೇ ಗುಣ ಇಲ್ಲಿ ಮೂರು ಹೋಗಿ ಆರಾಯಿತು, ಆರು ಹೋಗಿ ಹತ್ತಾಯಿತು. ನಳಿಕೆಗಳನ್ನು ಎತ್ತಿ ಎತ್ತಿ ಬೆಳಕಿಗೆ ಹಿಡಿಯುವುದಷ್ಟೇ ಅಲ್ಲ, ಬಾಟಲಿಗೆ ಸಹಿ ಹಾಕುವ ಮೊದಲು ಎರಡು ಮಹಡಿ ಹತ್ತಿ ಹೆಂಗಸರ ವಾರ್ಡಿಗೆ ಹೋಗುವಳು. ಬೆಡ್ಡಿನ ಪಕ್ಕ ನಿಂತು ಎರಡು ಪ್ರಶ್ನೆ ಕೇಳುವಳು: ನಿಮ್ಮ ಹೆಸರೇನು? ಬೆಳಿಗ್ಗೆ ನಿಮ್ಮ ಕೈಯಿಂದ ರಕ್ತ ತೆಗೆದರಾ? ಉತ್ತರ ಕೇಳಿ ಕೆಳಗಿಳಿದವಳು ಅರ್ಧ ದಾರಿಯಿಂದ ಮತ್ತೆ ಹತ್ತಿ ಹೋಗಿ ಅದನ್ನೇ ಕೇಳಿದ್ದೂ ಉಂಟು. ಅವಳ ಜೊತೆಯ ಟೆಕ್ನೀಷಿಯನ್ ಸದಾನಂದ, ಸುಮಿತ್ರಾ ಮೇಡಂ ಡ್ಯೂಟಿಯಲ್ಲಿದ್ದರೆ ದೇವರು ಕೂಡ ಕ್ಯಾಶುವಲ್ ಲೀವ್ ಹಾಕಬಹುದು ಎಂದು ನಗಾಡುತ್ತಿದ್ದ.

ಮನೆಯಲ್ಲಿ ನಗುವ ಹಾಗಿರಲಿಲ್ಲ. ಪಾರ್ಲೆಯ ಮನೆಯ ಬೀಗ, ಗ್ಯಾಸ್ ಒಲೆಯ ತಿರುಪು, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು, ಎಲ್ಲವನ್ನೂ ಮತ್ತೆ ಮತ್ತೆ ನೋಡಬೇಕು. ಒಂದು ಸಲ ಉರಿಯುವ ಒಲೆಯ ನೀಲಿ ಜ್ವಾಲೆ ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟವಾಗಿ ಕಂಡು, ಆಸ್ಪತ್ರೆಯಿಂದ ಪಕ್ಕದ ಮನೆಯವರಿಗೆ ಫೋನು ಮಾಡಿ ಬೀಗ ಒಡೆಸಿದ್ದಳು. ಒಲೆ ಆರಿತ್ತು. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಒಂದು ವಾರ ಅವಳ ಮುಖ ನೋಡಿ ಮುಗುಳ್ನಕ್ಕ. ಆಸ್ಪತ್ರೆಯಲ್ಲೂ ಒಂದು ಸಲ, ಎರಡು ವರ್ಷದ ಹಿಂದೆ, ಅನುಮಾನ ಬಂತೆಂದು ಕೊಟ್ಟ ರಕ್ತವನ್ನು ವಾಪಸು ತರಿಸಿ ಆಪರೇಷನ್ನನ್ನು ನಾಲ್ಕು ಗಂಟೆ ತಡೆದಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಸೂಪರಿಂಟೆಂಡೆಂಟರು ಮೆಮೊ ಕೊಟ್ಟರು: ಇನ್ನೊಂದು ಸಲ ಹೀಗಾದರೆ ಈ ವಿಭಾಗದಲ್ಲಿ ಜಾಗವಿಲ್ಲ.

ಅಷ್ಟಾದರೂ ಅವಳು ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು ಮೆಮೊ ಸಿಕ್ಕಿತೆಂದಲ್ಲ. ಏಳು ವರ್ಷದ ಮಗಳು ವಿಮಲಾ ಒಂದು ಬೆಳಿಗ್ಗೆ, ಯಾರೂ ಹೇಳದೆ, ಸ್ಕೂಲ್ ಬ್ಯಾಗು ಕೆಳಗಿಟ್ಟು ಬೀಗವನ್ನು ಮೂರು ಸಲ ಜಗ್ಗಿದಳು. ಮೆಟ್ಟಿಲಿಳಿದವಳು ನಿಂತಳು. ಹಿಂದಕ್ಕೆ ಹೋಗಿ ಮತ್ತೆ ಮೂರು ಸಲ ಜಗ್ಗಿದಳು. ಅವಳ ಪುಟ್ಟ ಹುಬ್ಬುಗಳ ನಡುವೆ ತನ್ನದೇ ಗೆರೆ ಮೂಡಿದ್ದನ್ನು ಸುಮಿತ್ರಾ ನೋಡಿದಳು.

ಮಾಟುಂಗಾದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಹಿರಿಯಣ್ಣ ನಿಧಾನದ ಮನುಷ್ಯರು. ಎಚ್ಚರ ಎಂಬುದು ನಿಮ್ಮ ಸ್ವಭಾವ, ಅದನ್ನು ಕೀಳುವುದು ಬೇಡ, ಅದು ನಿಮ್ಮನ್ನು ಆಳುವುದನ್ನು ನಿಲ್ಲಿಸೋಣ ಎಂದರು. ಭಯ ಬಂದಾಗ ಅದಕ್ಕೆ ಸೊನ್ನೆಯಿಂದ ನೂರರ ತನಕ ಒಂದು ಅಂಕಿ ಕೊಡಿ. ಹಿಂದಿರುಗಿ ನೋಡಬೇಡಿ, ಯಾರನ್ನೂ ಕೇಳಬೇಡಿ. ಮುಕ್ಕಾಲು ಗಂಟೆಯಲ್ಲಿ ಅದು ತಾನೇ ಇಳಿಯುತ್ತದೆ. ಗಂಡ ಜಯಸಿಂಹನಿಗೂ ಒಂದು ಪಥ್ಯ: ಎಲ್ಲ ಸರಿಯಾಗಿದೆ ಎಂದು ಹೆಂಡತಿಗೆ ಹೇಳಕೂಡದು, ಹೇಳಿದಷ್ಟೂ ಕೇಳುವ ಚಟ ಬೆಳೆಯುತ್ತದೆ. ಬೀಗ, ಗ್ಯಾಸು ಎಂದು ಒಂದೊಂದೇ ಮೆಟ್ಟಿಲಾಗಿ ಬಂದು ಕೊನೆಗೆ ಆಸ್ಪತ್ರೆಯ ಕೆಲಸಕ್ಕೆ ಕೈಹಾಕಿದಾಗ ಡಾಕ್ಟರು ಒಂದು ಪಟ್ಟಿ ಬರೆಸಿದರು. ಲಿಖಿತ ನಿಯಮದಲ್ಲಿ ಇದ್ದದ್ದನ್ನು ಒಂದು ಸಲ ಮಾಡುವುದು, ಇಲ್ಲದ್ದನ್ನು ಬಿಡುವುದು.

"ಈ ವಾರ್ಡಿಗೆ ಹೋಗಿ ಹೆಸರು ಕೇಳೋದು, ಇದು ನಿಮ್ಮ ನಿಯಮದಲ್ಲಿದೆಯಾ?"

ಸುಮಿತ್ರಾ ಯೋಚಿಸಿ, ಪ್ರಾಮಾಣಿಕವಾಗಿ, "ಇಲ್ಲ" ಎಂದಳು. ಹೆಸರು ಕೇಳಬೇಕಾದವರು ರಕ್ತ ತೆಗೆಯುವ ವಾರ್ಡಿನವರು. ಡಾಕ್ಟರು ಆ ಸಾಲಿನ ಮೇಲೆ ಗೆರೆ ಎಳೆದರು.

ಅವಳು ವಾರ್ಡಿಗೆ ಹೋಗದೆ ಇಂದಿಗೆ ಮೂರನೆಯ ದಿನ.

ಸಾಯನ್ ಬಂತು. ಮೆಂತ್ಯದ ಹೆಂಗಸು ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿಟ್ಟಳು. ಸುಮಿತ್ರಾ ಪರ್ಸಿನಿಂದ ಪುಟ್ಟ ಪುಸ್ತಕ ತೆಗೆದು ನಿಂತಲ್ಲೇ ಐವತ್ತು ಎಂದು ಬರೆದಳು. ಎರಡನೆಯ ನಳಿಕೆಯನ್ನು ನೋಡಿದ್ದೆ, ಕಣಗಳು ಒಂದಕ್ಕೊಂದು ಅಂಟಿರಲಿಲ್ಲ, ಅಂದರೆ ರಕ್ತ ಹೊಂದುತ್ತದೆ, ಒಂದೇ ಸಲ ನೋಡಿದ್ದೆ, ಸಾಕು. ಅನುಮಾನ ಹಾಗೆ ಎದುರಾದಾಗ ಸ್ವಲ್ಪ ಹಿಂಜರಿಯಿತು ಕೂಡ. ಇಳಿಯುತ್ತಿದೆ ಎಂದು ಉಸಿರು ಬಿಡುವಷ್ಟರಲ್ಲಿ ಅದರ ಹಿಂದೆ ನಿಂತಿದ್ದ ಇನ್ನೊಂದು ಮುಂದೆ ಬಂತು.

ಅದು ಪ್ರಶ್ನೆಯಾಗಿರಲಿಲ್ಲ, ಒಂದು ಚಿತ್ರವಾಗಿತ್ತು. ಕಿಟಕಿಯ ಪಕ್ಕದ ಮರದ ಸ್ಟ್ಯಾಂಡಿನಲ್ಲಿ ನಿಂತ ಗಾಜಿನ ನಳಿಕೆ. ಅದರ ಮೇಲಿನ ಚೀಟಿಯಲ್ಲಿ: ನೀಲಾಬಾಯಿ, ಬೆಡ್ ಹನ್ನೊಂದು. ಬೆಳಿಗ್ಗೆಯಿಂದ ಅಲುಗದೆ ನಿಂತಿದ್ದರಿಂದ ಕೆಂಪು ಕಣಗಳು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿದೆ. ಕೆಂಪು, ನಳಿಕೆಯ ಅರ್ಧದ ಹತ್ತಿರಕ್ಕೆ ಬಂದಿದೆ.

ನೀಲಾಬಾಯಿಯ ಅರ್ಜಿಯಲ್ಲಿ ಬರೆದಿತ್ತು: ವಯಸ್ಸು ನಲವತ್ತೆಂಟು, ಆರು ತಿಂಗಳಿಂದ ರಕ್ತಸ್ರಾವ, ಹಿಮೋಗ್ಲೋಬಿನ್ ಐದು. ಅಷ್ಟು ರಕ್ತ ಕಳೆದುಕೊಂಡ ಹೆಂಗಸಿನ ನಳಿಕೆಯಲ್ಲಿ ಕೆಂಪು ಐದರಲ್ಲಿ ಒಂದು ಪಾಲು ಕೂತರೆ ಹೆಚ್ಚು. ಅರ್ಧದ ತನಕ ಕೂರುವುದು ಗಟ್ಟಿಮುಟ್ಟಾದವರದು.

ಮಧ್ಯಾಹ್ನ ಅದನ್ನು ನೋಡಿದ್ದಳು. ಮನಸ್ಸು ಒಂದು ಕ್ಷಣ ತಡೆದಿತ್ತು. ತಡೆದಲ್ಲಿ ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದರು, ಅವಳು ಮುಂದಕ್ಕೆ ಹೋಗಿದ್ದಳು.

ದಾದರಿನಲ್ಲಿ ಜನ ಅವಳನ್ನು ಇಳಿಸಿತು, ಮೆಟ್ಟಿಲು ಹತ್ತಿಸಿತು. ಸೇತುವೆಯ ಮೇಲೆ, ಆಚೆ ಪಶ್ಚಿಮ ಲೈನಿಗೆ ಇಳಿಯುವ ಕಡೆ, ಕಟಕಟೆಗೆ ಬೆನ್ನು ಕೊಟ್ಟು ನಿಂತಳು. ಪುಸ್ತಕ ತೆಗೆಯಲಿಲ್ಲ, ತೊಂಬತ್ತೋ ತೊಂಬತ್ತೈದೋ ಆಗಿತ್ತು. ಉಳಿದ ಅನುಮಾನಗಳೆಲ್ಲ 'ನೋಡಿದೆಯಾ?' ಎಂದು ಕೇಳುತ್ತಿದ್ದವು. ಇದು 'ನೋಡಿದ್ದೀಯ' ಎನ್ನುತ್ತಿತ್ತು. ಇದೇ ನಿಜವಾದದ್ದರ ಗುರುತೇ? ಆದರೆ ನೀಲಿ ಜ್ವಾಲೆಯನ್ನೂ ಹೀಗೇ ಕಂಡಿದ್ದಳಲ್ಲ, ಅದರ ತುದಿಯ ಹಳದಿಯ ಸಹಿತ. ಉರಿಯದ ಒಲೆಯನ್ನು ಉರಿಸಬಲ್ಲ ಮನಸ್ಸಿಗೆ ಒಂದು ನಳಿಕೆಯಲ್ಲಿ ಎರಡು ಅಂಗುಲ ಕೆಂಪು ಏರಿಸುವುದು ಯಾವ ಲೆಕ್ಕ? ಉಷ್ಣಮಾಪಕವೇ ಕೆಟ್ಟಿದ್ದರೆ ಅದು ಕೆಟ್ಟಿದೆಯೆಂದು ಯಾವ ಉಷ್ಣಮಾಪಕದಿಂದ ನೋಡುವುದು?

ಗಡಿಯಾರ ಐದೂ ಹತ್ತು ತೋರಿಸುತ್ತಿತ್ತು. ರಕ್ತ ಏರಿಸುವುದು ಡ್ಯೂಟಿ ಡಾಕ್ಟರು ಬಂದ ಮೇಲೆ, ಸಾಮಾನ್ಯವಾಗಿ ಆರಕ್ಕೆ. ಮುಕ್ಕಾಲು ಗಂಟೆ ಕಾದರೆ ಭಯ ಇಳಿಯುತ್ತದೆ. ಅಷ್ಟರಲ್ಲಿ ಸೂಜಿ ಚುಚ್ಚುವ ಹೊತ್ತೂ ಆಗಿರುತ್ತದೆ.

ಸೇತುವೆ ಇಳಿದಲ್ಲಿ ನಾಣ್ಯ ಹಾಕುವ ಫೋನು ಇತ್ತು. ಅವಳ ಕೈ ತಾನಾಗಿ ಫೋರ್ಟಿನಲ್ಲಿದ್ದ ಗಂಡನ ಆಫೀಸಿನ ನಂಬರು ತಿರುಗಿಸಿತು. ಜಯಸಿಂಹ ಆಫೀಸಿನಲ್ಲೇ ಇದ್ದ. ಅವಳು ಹೇಳಿದ್ದು ಅರ್ಧ ಅವಳಿಗೇ ಅರ್ಥವಾಗದ ಹಾಗೆ ಬಂತು: ನಳಿಕೆ, ಕೆಂಪು, ಹನ್ನೊಂದು. ಆ ಕಡೆ ಟೈಪ್‌ರೈಟರುಗಳ ಸದ್ದು.

"ರೀ, ಸುಮ್ನೆ ಒಂದು ಮಾತು ಹೇಳಿ. ಇದು ನನ್ನ ಅದೇ ಕಾಯಿಲೆನಾ, ಅಲ್ವಾ?"

"ಸುಮಿ, ಕೇಳಬೇಡ. ನಾನು ಹೇಳೋ ಹಾಗಿಲ್ಲ." ಅವನ ದನಿ ಒಡೆದಿತ್ತು. "ಮನೆಗೆ ಹೋಗು. ನಾನೂ ಬೇಗ ಬರ್ತೀನಿ. ಹೋಗ್ತೀಯ ತಾನೆ?"

ಅವನು ಒಳ್ಳೆಯವನು, ಪಥ್ಯ ಮುರಿಯಲಿಲ್ಲ. ರಿಸೀವರನ್ನು ಮೆತ್ತಗೆ ಇಟ್ಟದ್ದು ಕೇಳಿಸಿತು. ಅವಳ ಹಿಂದೆ ನಿಂತಿದ್ದ ಗಂಡಸು ಗಡಿಯಾರ ನೋಡಿಕೊಂಡ. ಪರ್ಸಿನಲ್ಲಿ ಇನ್ನೊಂದು ನಾಣ್ಯವಿತ್ತು.

ವಾರ್ಡಿನಲ್ಲಿ ಫೋನು ಎತ್ತಿದವಳು ಸಿಸ್ಟರ್ ವಿನೋದಿನಿ, ಉಡುಪಿಯ ಕಡೆಯವಳು. ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಬಂದಿದ್ದಳು.

"ಎಂತ ಸುಮಿತ್ರಕ್ಕ, ಮೂರು ದಿನ ಆಯ್ತು ಈಚೆ ತಲೆಯೇ ಹಾಕ್ಲಿಲ್ಲ? ನಾವೆಲ್ಲ ನಿಮಗೆ ಹುಷಾರಿಲ್ಲ ಅಂತ ಗ್ರಹಿಸಿದ್ದು ಮಾರಾಯ್ರೆ."

ನೀಲಾಬಾಯಿಗೆ ರಕ್ತ ಹಾಕಿದ್ದೀರಾ ಎಂದು ಸುಮಿತ್ರಾ ಕೇಳಿದಳು. ಇವತ್ತು ಡಾಕ್ಟರು ಬೇಗ ಬಂದಿದ್ದಾರೆ, ಬಾಟಲಿ ಸ್ಟ್ಯಾಂಡಿಗೆ ಕಟ್ಟಿ ಆಗಿದೆ, ನರ ಸಿಕ್ಕಿದರೆ ಆಯಿತು ಎಂದಳು ವಿನೋದಿನಿ. ಯಾಕೆ, ಎಂತ ಆಯ್ತು?

ಅನುಮಾನ ಎಂದರೆ ವಿನೋದಿನಿ ನಗುತ್ತಾಳೆ. ನಕ್ಕು, ನೀವು ಆರಾಮ ಮನೆಗೆ ಹೋಗಿ ಅಕ್ಕ, ಎನ್ನುತ್ತಾಳೆ. ಎರಡು ವರ್ಷದ ಹಿಂದಿನ ಕಥೆ ಇಡೀ ಆಸ್ಪತ್ರೆಗೆ ಗೊತ್ತು. ಸುಮಿತ್ರಾ ಜೀವಮಾನದಲ್ಲಿ ನೋಡದ ಅಳತೆಯನ್ನು ನೋಡಿದೆನೆಂದು ಬರೆದವಳಲ್ಲ. ಈಗ ಕಣ್ಣು ಮುಚ್ಚಿಕೊಂಡು, "ಗ್ರೂಪು ತಪ್ಪಿದೆ, ಹಾಕಬೇಡಿ. ನಾನು ಬರ್ತಿದ್ದೀನಿ" ಎಂದಳು. ಅನುಮಾನವೆಂದು ಹೇಳಲಿಲ್ಲ, ಗೊತ್ತಿದೆ ಎಂಬ ಹಾಗೆ ಹೇಳಿದಳು.

ಆ ಕಡೆ ಯಾರನ್ನೋ ಕೂಗುವ ದನಿ, ಲೈನು ಕಡಿದುಹೋಯಿತು.

ಘಾಟ್ಕೋಪರ್ ಕಡೆಯ ಲೋಕಲ್ಲಿನಲ್ಲಿ ಈಗ ಆಫೀಸು ಬಿಟ್ಟ ಜನ. ಉಸಿರಾಡಲು ಜಾಗವಿಲ್ಲದ ಆ ಒತ್ತಿನಲ್ಲಿ ನಿಂತು ಸುಮಿತ್ರಾ ಮುಂದಾಗುವುದನ್ನು ನೋಡುತ್ತಿದ್ದಳು. ನಳಿಕೆಯನ್ನು ಎತ್ತಿ ಹಿಡಿಯುತ್ತಾಳೆ, ಕೆಂಪು ತಳದಲ್ಲಿ ಸಣ್ಣಗೆ ಕೂತಿರುತ್ತದೆ, ಸದಾನಂದ ಬೇರೆ ಕಡೆ ನೋಡುತ್ತಾನೆ. ಆಮೇಲೆ ಸೂಪರಿಂಟೆಂಡೆಂಟರ ಕೋಣೆ. ಆಮೇಲೆ ಡಾಕ್ಟರ್ ಹಿರಿಯಣ್ಣನವರ ಎದುರು ಕೂತು, ಹಿಂದಿರುಗಿದೆ, ಫೋನು ಮಾಡಿದೆ, ಸುಳ್ಳೂ ಹೇಳಿದೆ ಎನ್ನುವುದು. ಆಮೇಲೆ ಬಾಗಿಲಲ್ಲಿ ಬೀಗ ಜಗ್ಗುವ ವಿಮಲಾ. ಕುರ್ಲಾ ಬರುವ ಹೊತ್ತಿಗೆ ಅವಳ ತುಟಿ ಮೆಲ್ಲಗೆ ಆಡುತ್ತಿತ್ತು. ತಪ್ಪಾಗಿರಲಿ ದೇವರೇ, ತಪ್ಪಾಗಿರಲಿ. ತನ್ನ ಮಾತು ನಿಜವಾಗಲೆಂದು ಒಬ್ಬಳಿಗೆ ತಪ್ಪು ರಕ್ತ ಬೇಡುತ್ತಿದ್ದೇನೆ ಎಂದು ತಿಳಿದದ್ದು ವಿದ್ಯಾವಿಹಾರ್ ದಾಟಿದ ಮೇಲೆ. ತುಟಿ ಬಿಗಿಹಿಡಿದಳು.

ಲ್ಯಾಬಿಗೆ ಹೋಗಿ ನಳಿಕೆ ನೋಡುವ ಧೈರ್ಯ ಬರಲಿಲ್ಲ. ನೇರ ಮೆಟ್ಟಿಲು ಹತ್ತಿದಳು. ವಾರ್ಡಿನ ನಡುವೆ ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ತಲೆಕೆಳಗಾಗಿ ಕಟ್ಟಿದ ಬಾಟಲಿ. ರಕ್ತ ಇಳಿಯದಂತೆ ಕೊಳವೆಯ ಕ್ಲಿಪ್ಪನ್ನು ಬಿಗಿದಿದ್ದರು, ಸೂಜಿ ಇನ್ನೂ ಟ್ರೇಯಲ್ಲಿತ್ತು. ಸಿಟ್ಟಾದ ಡ್ಯೂಟಿಯ ಯುವ ಡಾಕ್ಟರು ಕಿಟಕಿಯ ಬಳಿ ಕೈಕಟ್ಟಿ ನಿಂತಿದ್ದರು. ಸುಮಿತ್ರಾ ಹನ್ನೊಂದನೆಯ ಬೆಡ್ಡಿಗೆ ಹೋದಳು. ಅಲ್ಲಿ ತುಂಬುಗೆನ್ನೆಯ ಹೆಂಗಸೊಬ್ಬಳು ಫ್ಯಾನಿನ ಕೆಳಗೆ ಕಾಲು ನೀಡಿ ಕೂತು ಮೋಸಂಬಿ ಸುಲಿಯುತ್ತಿದ್ದಳು. ಸ್ಟ್ಯಾಂಡು ನಿಂತಿದ್ದದ್ದು ಪಕ್ಕದ ಹನ್ನೆರಡರ ತಲೆಯ ಹತ್ತಿರ.

"ನಿಮ್ಮ ಹೆಸರೇನು?" ಎಂದು ಹನ್ನೊಂದನೆಯವಳನ್ನು ಕೇಳಿದಳು.

"ಸೇವಂತಿ. ನಂದು ಗಾಲ್ ಬ್ಲಾಡರ್. ಆಪರೇಶನ್ ನಾಳೆ ಅಂತೆ."

ಹನ್ನೆರಡರಲ್ಲಿ ಹೊದಿಕೆಯ ಕೆಳಗಿನಿಂದ ಬಿಳಿಚಿದ ಒಂದು ಮುಖ ಇತ್ತ ತಿರುಗಿತು. ಕಣ್ಣಿನ ಒಳರೆಪ್ಪೆ ಕಾಗದದಂತಿತ್ತು.

"ನಾ ರೀ ಯವ್ವಾ ನೀಲಾಬಾಯಿ," ಎಂದಳು. ಗುಲ್ಬರ್ಗಾದ ಕಡೆಯಿಂದ ಬಂದು ಇಪ್ಪತ್ತು ವರ್ಷ ಮುಂಬಯಿಯ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು. "ಆ ಪಂಖಾದ ಗಾಳಿ ನನ್ನ ಮೈಗೆ ಆಗಾಂಗಿಲ್ಲ. ಆಕಿಗೆ ಗಾಳಿ ಬೇಕಂತ. ಅದಕ್ಕ ನಿನ್ನಿ ರಾತ್ರಿ ಇಬ್ಬರೂ ಖಾಟ ಬದಲ ಮಾಡಿಕೊಂಡಿವಿ. ತಪ್ಪಾತೇನ್ರಿ?"

ಸುಮಿತ್ರಾ ಬೆಡ್ಡಿನ ಹತ್ತಿರ ಬಗ್ಗಿದಳು. "ಬೆಳಿಗ್ಗೆ ನಿಮ್ಮ ಕೈಯಿಂದ ರಕ್ತ ತೆಗೆದ್ರಾ?"

"ನನ್ನ ಕೈಯಾಗಿಂದಾ? ಇಲ್ಲ ಬಿಡ್ರಿ. ಆ ಮುಂಜಾನಿ ಸಣ್ಣ ಡಾಕ್ಟರ್ ಬಂದು ಹನ್ನೊಂದು, ಹನ್ನೊಂದು ಅಂತ ಒದರಿ ಆಕೀದ ತಗೊಂಡ ಹ್ವಾದ. ನನ್ನ ಮೈಯಾಗ ಇರೂದ ನಾಕ ಹನಿ. ಅದನ್ನೂ ಕೇಳತಾರಂತ ನಾ ಮಾರಿ ಮುಚ್ಚಿಕೊಂಡು ಸುಮ್ನ ಬಿದ್ದಿದ್ದೆ."

ಸೇವಂತಿ ಮೋಸಂಬಿಯ ಸಿಪ್ಪೆ ಹಿಡಿದ ಕೈಯನ್ನು ಮಡಿಲಿಗೆ ಇಳಿಸಿದಳು. ಯುವ ಡಾಕ್ಟರು ಕಟ್ಟಿದ್ದ ಕೈಗಳನ್ನು ಬಿಟ್ಟರು. ಸುಮಿತ್ರಾಳಿಗೆ ನೆಮ್ಮದಿ ಬರಬೇಕಿತ್ತು. ಬದಲಿಗೆ, ಒಂದು ತಿಂಗಳಿಂದ ಕಾಲ ಕೆಳಗೆ ಕಟ್ಟುತ್ತ ಬಂದಿದ್ದ ನೆಲ ಒಂದೇ ಏಟಿಗೆ ಜಾರಿದಂತಾಯಿತು.

ನೀಲಾಬಾಯಿಯ ತೋಳಿನಿಂದ ತಾನೇ ಎರಡು ಎಂ.ಎಲ್. ತೆಗೆದುಕೊಂಡು ಇಳಿದಳು. ಸದಾನಂದ ಬಿಳಿ ಟೈಲನ್ನು ಒರೆಸಿ ಇಟ್ಟ, ಹಾಸ್ಯ ಮಾಡಲಿಲ್ಲ. ಎಡಕ್ಕೆ ಒಂದು ಹನಿ ರಕ್ತ ಎ ಗುರುತಿಸುವ ನೀಲಿ ದ್ರವದೊಡನೆ, ಬಲಕ್ಕೆ ಒಂದು ಹನಿ ಬಿ ಗುರುತಿಸುವ ಹಳದಿ ದ್ರವದೊಡನೆ. ಟೈಲನ್ನು ಮೆಲ್ಲಗೆ ಆಡಿಸುತ್ತ ಇಬ್ಬರೂ ಕಾದರು. ಎರಡೂ ಕಡೆ ರಕ್ತ ಗಂಟುಕಟ್ಟದೆ ನಯವಾಗಿಯೇ ಉಳಿಯಿತು. ಓ ಗ್ರೂಪು. ಮೇಲೆ ಕಟ್ಟಿದ್ದ ಬಾಟಲಿ ಬಿ.

"ಮೇಡಂ," ಎಂದ ಸದಾನಂದ, ಓ ಗ್ರೂಪಿನ ಬಾಟಲಿ ತರಲು ಫ್ರಿಜ್ಜಿನ ಕಡೆ ಹೊರಟ.

ಅವಳು ಸ್ಟ್ಯಾಂಡಿನಲ್ಲಿದ್ದ ಬೆಳಗಿನ ನಳಿಕೆಯನ್ನು ಈಗ ನೋಡಿದಳು. ಕೆಂಪು ಅರ್ಧಕ್ಕಿತ್ತು. ಹೊಸದನ್ನು ಪರೀಕ್ಷಿಸಿ, ಓ ಗ್ರೂಪಿನ ಬಾಟಲಿಗೆ ಹೊಂದಿಸಿ, ಸಹಿ ಹಾಕಿ ಮೇಲೆ ತರುವ ಹೊತ್ತಿಗೆ ಏಳಕ್ಕೆ ಇಪ್ಪತ್ತು ನಿಮಿಷ. ಯುವ ಡಾಕ್ಟರು ಸೂಜಿ ಚುಚ್ಚಿದರು. ಹನಿಗಳು ಬೀಳತೊಡಗಿದ ಮೇಲೆ ವಿನೋದಿನಿ ಸುಮಿತ್ರಾಳನ್ನು ಔಷಧಿ ಕಪಾಟಿನ ಹಿಂದಕ್ಕೆ ಕರೆದಳು.

"ರಕ್ತ ತೆಗೆಯುವಾಗ ಹೆಸರು ಕೇಳಬೇಕು ಅಂತ ನಿಯಮ ಇದೆ ಸಿಸ್ಟರ್," ಎಂದಳು ಸುಮಿತ್ರಾ. ಗದರಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಉಂಟು ಅಕ್ಕ. ಯಾರು ಇಲ್ಲ ಅಂದದ್ದು? ಎಷ್ಟು ವರ್ಷ ಆಯ್ತು ಯಾರೂ ಕೇಳುದಿಲ್ಲ. ಹೇಗೂ ಮಧ್ಯಾಹ್ನ ನೀವು ಬಂದು ಕೇಳ್ತೀರಲ್ಲ. ಹೊಸ ಹುಡುಗರಿಗೂ ನಾವು ಹಾಗೇ ಹೇಳಿಕೊಟ್ಟದ್ದು." ಅವಳು ಸೆರಗಿಲ್ಲದ ಯೂನಿಫಾರ್ಮಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಯಾರು ಎಂತ ಬೇಕಾದ್ರೂ ಹೇಳ್ಲಿ. ನಾಳೆಯಿಂದ ಮೊದಲಿನ ಹಾಗೆ ಬನ್ನಿ ಅಕ್ಕ. ನಿಮಗೆ ಕೈ ಮುಗೀತೇನೆ. ನೀವು ಬಿಟ್ರೆ ನಮ್ಮ ಕಥೆ ಮುಗೀತು."

ಇದುವರೆಗೆ ಅವಳನ್ನು ಗೇಲಿ ಮಾಡಿದವರೇ ಎಲ್ಲ. ನಾನು ಬರುವುದಿಲ್ಲ, ನೀವೇ ಕೇಳಬೇಕು, ಎನ್ನುವ ಮಾತು ಗಂಟಲಿನ ತನಕ ಬಂತು. ಕಪಾಟಿನ ಗಾಜಿನಲ್ಲಿ ಹನ್ನೆರಡನೆಯ ಬೆಡ್ಡು ಕಾಣುತ್ತಿತ್ತು. ಮಾತು ಅಲ್ಲೇ ನಿಂತಿತು.

ಮೊದಲನೆಯ ಮಹಡಿಗೆ ಇಳಿದವಳಿಗೆ ಹೊಳೆಯಿತು: ಬಾಟಲಿ ಕಟ್ಟುವಾಗ ಚೀಟಿ ಓದಿದೆನೇ? ಮೇಲೆ ಹೋದಳು. ಓದಿದಳು. ಓ, ನೀಲಾಬಾಯಿ, ಎಲ್ಲ ಸರಿ. ಇಳಿದಳು. ರಕ್ತ ತೆಗೆದ ತೋಳು ಅವಳದೇ ತಾನೆ, ಹೊದಿಕೆಯ ಕೆಳಗಿನಿಂದ ಬಂದ ತೋಳು? ಮತ್ತೆ ಹೋದಳು. ತೋಳಿನ ಮೇಲೆ ತಾನೇ ಅಂಟಿಸಿದ್ದ ಹತ್ತಿ ಇತ್ತು. ನೀಲಾಬಾಯಿ ಕಣ್ಣು ಮುಚ್ಚಿಕೊಂಡೇ ಇದ್ದಳು. ಚಪ್ಪಲಿಯ ಸದ್ದಿನಲ್ಲೇ ಗುರುತು ಹಿಡಿದಿರಬೇಕು.

"ನಾ ಇನ್ನೂ ನೀಲಾಬಾಯಿನ ಅದೇನ್ ಯವ್ವಾ," ಎಂದಳು. "ನೀ ಮನಿಗಿ ಹೋಗು. ಕೂಸು ದಾರಿ ನೋಡತಿರತೈತಿ."

ಸುಮಿತ್ರಾ ತಲೆಯಾಡಿಸಿ ಹೊರಬಂದಳು. ಮೆಟ್ಟಿಲ ತಿರುವಿನ ತನಕ ಇಳಿದು, ಮತ್ತೆ ಮೇಲಕ್ಕೆ ನೋಡಿ ನಿಂತಳು. ಅಷ್ಟರಲ್ಲಿ ಕೆಳಗೆ ಗಂಟೆ ಬಾರಿಸಿತು. ಏಳು ಗಂಟೆಯ ಭೇಟಿಯ ಜನ ಗೇಟಿನಿಂದ ಒಳನುಗ್ಗಿದರು, ಮೆಟ್ಟಿಲು ತುಂಬಿತು. ಡಬ್ಬಿ ಹಿಡಿದವರು, ಫ್ಲಾಸ್ಕು ಹಿಡಿದವರು, ತೋಳಿನ ಮೇಲೆ ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತವರು. ಬಾಜೂ, ಬಾಜೂ, ಎಂದು ದಾರಿ ಕೇಳುತ್ತ ಅವಳ ಎರಡೂ ಬದಿಯಿಂದ ಹತ್ತಿಹೋದರು. ಒಬ್ಬ ಮುದುಕ ನಿಂತು, ಹೋಗುವುದು ಮೇಲಕ್ಕೋ ಕೆಳಕ್ಕೋ ಎಂದು ಹಿಂದಿಯಲ್ಲಿ ಕೇಳಿದ. ಅವಳು ಕಬ್ಬಿಣದ ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನಿಗೆ ದಾರಿ ಬಿಡಲು ಸ್ವಲ್ಪ ಬದಿಗೆ ಸರಿದಳು.